ಮುಚ್ಚಿಟ್ಟ ಮೂರು ತಿಂಗಳು

ಬಸುರಿನ ಲೆಕ್ಕ ಶುರುವಾಗುವುದು ಗರ್ಭ ಕಟ್ಟುವುದಕ್ಕೂ ಮೊದಲೇ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಅಲ್ಲಿಂದ 280 ದಿನ, ಅಂದರೆ 40 ವಾರ. 28 ದಿನಕ್ಕೊಮ್ಮೆ ಮುಟ್ಟಾಗುವ ಹೆಣ್ಣಿಗೆ ಗರ್ಭ ಕಟ್ಟುವುದು ಸುಮಾರು 14ನೆಯ ದಿನ. ಹಾಗಾಗಿ ಈ ಸಲ ದಿನ ಮುಂದೆ ಹೋಯಿತಲ್ಲ ಎಂದು ಆಕೆ ಕ್ಯಾಲೆಂಡರ್ ನೋಡುವ ಹೊತ್ತಿಗೆ ಒಳಗಿನ ಭ್ರೂಣಕ್ಕೆ ಆಗಲೇ ಎರಡು ವಾರ. ‘ಒಂದೆರಡು ದಿನ ಹೆಚ್ಚುಕಮ್ಮಿ ಆಗೋದು ಇದ್ದದ್ದೇ’ ಎಂದು ಒಂದು ವಾರ, ‘ಮದುವೆ ಮನೆಗೆ ಓಡಾಡಿದ ಸುಸ್ತು’ ಎಂದು ಇನ್ನೊಂದು ವಾರ ಕಾದರೆ ನಾಲ್ಕು ವಾರ ತುಂಬುತ್ತದೆ. ಅಷ್ಟರಲ್ಲಿ ಮಗುವಿನ ಮೆದುಳು ಮತ್ತು ಬೆನ್ನುಹುರಿಗೆ ಮೂಲವಾದ ನರಕೊಳವೆ ಮುಚ್ಚಿಕೊಂಡು ಆಗಿರುತ್ತದೆ. ಮುಚ್ಚದೆ ಉಳಿದಿದ್ದರೆ ಅದೂ ಆಗಿಹೋಗಿರುತ್ತದೆ.

ಆ ಕೊಳವೆ ಮೊದಲು ಕೊಳವೆಯಾಗಿರುವುದಿಲ್ಲ, ಒಂದು ತೆಳು ಹಾಳೆಯಾಗಿರುತ್ತದೆ. ವೀಳ್ಯದೆಲೆಯ ಎರಡು ಅಂಚನ್ನು ಎತ್ತಿ ಮಡಚಿದ ಹಾಗೆ ಅದರ ಅಂಚುಗಳು ಮೇಲೆದ್ದು ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳುತ್ತವೆ. ಬೆಸುಗೆ ಮೊದಲು ಕುತ್ತಿಗೆಯ ಭಾಗದಲ್ಲಿ ಆರಂಭವಾಗಿ ಮೇಲಕ್ಕೂ ಕೆಳಕ್ಕೂ ಸಾಗುತ್ತದೆ. ಗರ್ಭ ಕಟ್ಟಿದ 28 ದಿನಗಳ ಸುಮಾರಿಗೆ ಆ ಕೆಲಸ ಮುಗಿಯುತ್ತದೆ. ತಲೆಯ ಕಡೆಯ ತುದಿ ಮುಚ್ಚದಿದ್ದರೆ ತಲೆಬುರುಡೆಯೂ ಮೆದುಳೂ ಪೂರ್ತಿ ರೂಪುಗೊಳ್ಳುವುದಿಲ್ಲ. ಅಂಥ ಮಗು ಬದುಕುವುದಿಲ್ಲ. ಬೆನ್ನಿನ ಕಡೆ ಮುಚ್ಚದಿದ್ದರೆ ಬೆನ್ನುಹುರಿ ಹೊರಗೆ ತೆರೆದುಕೊಂಡಿರುತ್ತದೆ. ಎಷ್ಟೋ ಮಕ್ಕಳಿಗೆ ಕಾಲಿನಲ್ಲಿ ಬಲವಿರುವುದಿಲ್ಲ, ಮೂತ್ರದ ಮೇಲೆ ಹಿಡಿತವಿರುವುದಿಲ್ಲ. ಒಂದರ ಹಿಂದೆ ಒಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಇದೇ ಅವಧಿಯಲ್ಲಿ, 22ನೆಯ ದಿನದ ಆಸುಪಾಸಿನಲ್ಲಿ, ಹೃದಯ ಮಿಡಿಯಲು ಶುರುಮಾಡುತ್ತದೆ. ಬಳಿಕ ಕೈಕಾಲಿನ ಮೊಳಕೆ ಕಾಣುತ್ತದೆ. ಮುಟ್ಟಿನ ಲೆಕ್ಕದಲ್ಲಿ ಹತ್ತು ವಾರ ತುಂಬುವಷ್ಟರಲ್ಲಿ ಮಗುವಿನ ಮುಖ್ಯ ಅಂಗಗಳೆಲ್ಲ ರೂಪ ಪಡೆದಿರುತ್ತವೆ. ಅಲ್ಲಿಂದ ಮುಂದಿನ ಸುಮಾರು ಏಳು ತಿಂಗಳು ಹೆಚ್ಚಿನಂಶ ಬೆಳವಣಿಗೆಯ ಕಾಲ.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಎಂಬ ಕಟ್ಟುಪಾಡು ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ. ದೃಷ್ಟಿಯಾಗುತ್ತದೆ ಎನ್ನುವವರು ಕೆಲವರು. ಗರ್ಭ ಇಳಿದುಹೋದರೆ ಎಲ್ಲರಿಗೂ ಉತ್ತರ ಹೇಳಬೇಕಲ್ಲ ಎನ್ನುವವರು ಇನ್ನು ಕೆಲವರು. ಎರಡನೆಯ ಮಾತಿನಲ್ಲಿ ತಿರುಳಿದೆ. ಆದರೆ ಊರಿಗೆ ಹೇಳಬಾರದು ಎಂಬ ಮಾತು ಬೆಳೆದು ಬೆಳೆದು ಆಸ್ಪತ್ರೆಗೂ ಹೇಳಬಾರದು ಎಂಬಲ್ಲಿಗೆ ಬಂದು ನಿಂತಿದೆ. ತೊಂದರೆ ಇರುವುದು ಅಲ್ಲಿ. ಮೂರು ತಿಂಗಳು ಮುಗಿಸಿ ಆಸ್ಪತ್ರೆಗೆ ಬರುವಾಕೆಗೆ ವೈದ್ಯರು ಮಾಡಬಹುದಾದ ಕೆಲಸ ಇನ್ನೂ ಎಷ್ಟೋ ಇರುತ್ತದೆ. ಆದರೆ ನರಕೊಳವೆಯ ವಿಷಯದಲ್ಲಿ ಏನೂ ಉಳಿದಿರುವುದಿಲ್ಲ.

ಮಂಡ್ಯ ಕಡೆಯ ಒಂದು ಊರಿನ ಜಗಲಿಯ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಈ ಗಂಟನ್ನು ಬಿಡಿಸಿದ್ದನ್ನು ನೋಡಿದ್ದೇನೆ. ಸೊಸೆ ಒಳಗಿದ್ದಳು. ಅತ್ತೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು.

“ಏನ್ ದೊಡ್ಡವ್ವ, ಈ ತಿಂಗ್ಳು ನಿಮ್ ಸೊಸೆ ಪ್ಯಾಡು ಕೇಳಕ್ಕೆ ಬರ್ನೇ ಇಲ್ವಲ್ಲ?”

“ಸುಮ್ಕಿರವ್ವ. ಮೂರ್ ತಿಂಗ್ಳು ಕಳೀಲಿ, ಆಮ್ಯಾಕೆ ಬರ್ಕೊಳೀವಂತೆ. ಈಗ್ಲೇ ಊರ್ಗೆಲ್ಲ ಗೊತ್ತಾಗೋದ್ ಬ್ಯಾಡ.”

“ಊರ್ಗೆ ಹೇಳ್ಬ್ಯಾಡಿ ದೊಡ್ಡವ್ವ. ನನ್ ಪುಸ್ತಕಕ್ಕೆ ಮಾತ್ರ ಹೇಳಿ.”

ಅತ್ತೆ ನಕ್ಕರು. ಆಶಾ ತಮ್ಮ ಚೀಲದಿಂದ ನಿಶ್ಚಯ್ ಕಿಟ್ ಒಂದನ್ನು ತೆಗೆದು ಒಳಗೆ ಹೋದರು. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದೂ ಅವರು ಹೇಳಿದ್ದನ್ನೇ.

ಆ ಕಿಟ್ ಸರ್ಕಾರದ್ದು, ಆಶಾ ಅವರ ಬಳಿ ಪುಕ್ಕಟೆ ಸಿಗುತ್ತದೆ. ಮೆಡಿಕಲ್ ಶಾಪಿನ ಕಿಟ್‌ಗಳೂ ಕೆಲಸ ಮಾಡುವುದು ಹೀಗೆಯೇ. ಗರ್ಭ ಕಟ್ಟಿ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಎಚ್‌ಸಿಜಿ ಎಂಬ ಹಾರ್ಮೋನು ರಕ್ತಕ್ಕೂ ಮೂತ್ರಕ್ಕೂ ಬರುತ್ತದೆ, ಆರಂಭದ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರದಲ್ಲಿ ಅದು ಗಟ್ಟಿಯಾಗಿರುವುದರಿಂದ ಅದನ್ನೇ ಹಿಡಿದು ನೋಡುವುದು ಒಳ್ಳೆಯದು. ಎರಡನೆಯ ಗೆರೆ ಎಷ್ಟೇ ಮಸುಕಾಗಿರಲಿ, ಇದ್ದರೆ ಇದೆ ಎಂದೇ ಅರ್ಥ. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು.

ಇನ್ನು ಮಾತ್ರೆಯ ವಿಷಯ. ಫೋಲಿಕ್ ಆ್ಯಸಿಡ್ ಎಂಬ ಈ ಚಿಕ್ಕ ಮಾತ್ರೆಯ ಕಥೆಯ ಒಂದು ತುದಿ ನಮ್ಮ ದೇಶದಲ್ಲೇ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಲ್ಲಿ ಬಸುರಾದಾಗ ವಿಪರೀತ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ಕಾರಣ ಹುಡುಕುತ್ತ ವಿಲ್ಸ್, ಆ ಹೆಂಗಸರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ನೋಡಿದರು. ನಮ್ಮ ಪಕ್ಕದ ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲೂ ಕೆಲಸ ಮಾಡಿದರು. ಯೀಸ್ಟಿನ ಸಾರದಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿದ್ದ ಅಂಶ ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬಹಳ ಕಾಲ ‘ವಿಲ್ಸ್ ಅಂಶ’ ಎಂದೇ ಕರೆದರು. ಹತ್ತು ವರ್ಷದ ಬಳಿಕ ಅಮೆರಿಕದಲ್ಲಿ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಅದೇ ಫೋಲಿಕ್ ಆ್ಯಸಿಡ್.

ಅದು ನರಕೊಳವೆಯನ್ನೂ ಕಾಯುತ್ತದೆ ಎಂದು ನಿಸ್ಸಂಶಯವಾಗಿ ಗೊತ್ತಾಗಲು 1991 ಬರಬೇಕಾಯಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಸಿತು. ಹಿಂದೊಮ್ಮೆ ಇಂಥ ದೋಷವಿರುವ ಮಗು ಹೆತ್ತಿದ್ದ ಹೆಂಗಸರಿಗೆ ಗರ್ಭ ಕಟ್ಟುವ ಮೊದಲಿನಿಂದಲೇ ಫೋಲಿಕ್ ಆ್ಯಸಿಡ್ ಕೊಟ್ಟಾಗ ದೋಷ ಮರುಕಳಿಸುವುದು ಶೇ 72ರಷ್ಟು ಕಡಿಮೆಯಾಯಿತು. ಫಲ ಇಷ್ಟು ಸ್ಪಷ್ಟವಾಗಿದ್ದರಿಂದ ಉಳಿದವರಿಗೆ ಮಾತ್ರೆ ಕೊಡದಿರುವುದು ಸರಿಯಲ್ಲ ಎಂದು ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಮರುವರ್ಷ ಹಂಗೇರಿಯಿಂದ ಬಂದ ಅಧ್ಯಯನ, ಮೊದಲ ಸಲ ಬಸುರಾಗುವವರಿಗೂ ಇದರಿಂದ ರಕ್ಷಣೆಯಿದೆ ಎಂದು ತೋರಿಸಿತು. 1998ರಿಂದ ಅಮೆರಿಕ ಹಿಟ್ಟಿಗೇ ಫೋಲಿಕ್ ಆ್ಯಸಿಡ್ ಬೆರೆಸುವುದನ್ನು ಕಡ್ಡಾಯ ಮಾಡಿತು. ನಮ್ಮ ರೇಷನ್ನಿನ ಸಾರವರ್ಧಿತ ಅಕ್ಕಿಯಲ್ಲೂ ಅದು ಇದೆ, ಆದರೆ ಒಂದು ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಮಾತ್ರ. ಬಸುರಾಗಲಿರುವವಳಿಗೆ ದಿನಕ್ಕೆ ಬೇಕಾದ ಮಾತ್ರೆ 400 ಮೈಕ್ರೋಗ್ರಾಮಿನದು. ಅನ್ನ ಉಂಡು ಅದನ್ನು ತುಂಬಿಸಿಕೊಳ್ಳಲಾಗದು.

ಆದ್ದರಿಂದ ಮಗು ಬೇಕೆಂದು ಗಂಡ ಹೆಂಡತಿ ಮಾತಾಡಿಕೊಂಡ ತಿಂಗಳೇ ಮಾತ್ರೆ ಶುರುವಾಗಬೇಕು. ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಹನ್ನೆರಡನೆಯ ವಾರದವರೆಗೆ, ದಿನಕ್ಕೊಂದು. ಹಿಂದೆ ನರಕೊಳವೆ ದೋಷದ ಮಗು ಆಗಿದ್ದವರಿಗೆ, ಮೂರ್ಛೆರೋಗದ ಕೆಲವು ಮಾತ್ರೆ ನುಂಗುವವರಿಗೆ, ಮೊದಲೇ ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ಇದಕ್ಕಿಂತ ಎಷ್ಟೋ ಹೆಚ್ಚು, ಸಾಮಾನ್ಯವಾಗಿ 5 ಮಿಲಿಗ್ರಾಂ, ಬರೆಯುತ್ತಾರೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೇಳಿದ ಕೂಡಲೇ ಕೈಗೆ ಬರುವುದು ಹೆಚ್ಚಾಗಿ ಈ 5 ಮಿಲಿಗ್ರಾಮಿನ ಮಾತ್ರೆಯೇ. ಉಳಿದವರಿಗೆ ಅಷ್ಟರ ಅಗತ್ಯವಿಲ್ಲ. ನಿಮಗೆ ಯಾವುದು ಎಂದು ಒಮ್ಮೆ ಕೇಳಿ ತೆಗೆದುಕೊಳ್ಳಿ. ಮುಟ್ಟು ತಪ್ಪಿದ ಮೇಲಷ್ಟೇ ತಿಳಿಯಿತೇ? ಅವತ್ತೇ ಶುರುಮಾಡಿ. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ಹೊಟ್ಟೆಗೆ ಬೀಳದ ಸಸ್ಯಾಹಾರಿಗಳಾದರೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ರಕ್ತ ಕಟ್ಟುವ ಕೆಲಸದಲ್ಲಿ ಇವೆರಡೂ ಜೊತೆಗಾರರು.

ಕಬ್ಬಿಣದ ಕೆಂಪು ಮಾತ್ರೆ ಬೇರೆ. ಅದು ಸಾಮಾನ್ಯವಾಗಿ ನಾಲ್ಕನೆಯ ತಿಂಗಳಿನಿಂದ ಶುರುವಾಗಿ 180 ದಿನ ನಡೆಯುತ್ತದೆ. ಹೊಟ್ಟೆ ತೊಳಸುವ ಮೊದಲ ತಿಂಗಳುಗಳಲ್ಲಿ ಅದನ್ನು ಬಲವಂತವಾಗಿ ನುಂಗಿ ವಾಂತಿ ಮಾಡಿಕೊಂಡು, ‘ಮಾತ್ರೆಯೇ ಆಗಿಬರಲ್ಲ’ ಎಂದು ಫೋಲಿಕ್ ಆ್ಯಸಿಡ್ಡನ್ನೂ ಬಿಸಾಡುವವರಿದ್ದಾರೆ. ಎರಡನ್ನೂ ಒಂದೇ ಎಂದುಕೊಂಡು ಹೀಗಾಗುತ್ತದೆ.

ಊಟದ ಬಗ್ಗೆ ಹೇಳಲು ನನಗೆ ಬಹಳ ಖುಷಿ, ಏಕೆಂದರೆ ಹಳೆ ಮೈಸೂರಿನ ಅಡುಗೆಮನೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಒಂದು ಅಡುಗೆ ಇದೆ: ಬಸ್ಸಾರು. ಸೊಪ್ಪು ಮತ್ತು ಬೇಳೆಕಾಳಿನಲ್ಲಿರುವ ಫೋಲೇಟ್ ನೀರಿನಲ್ಲಿ ಕರಗುತ್ತದೆ. ಬೇಯಿಸಿದ ನೀರು ಚೆಲ್ಲಿದರೆ ಅದರ ಒಂದು ಪಾಲು ಬಚ್ಚಲಿಗೆ ಹೋಯಿತು. ಬಸ್ಸಾರಿನಲ್ಲಿ ಹಾಗಾಗುವುದಿಲ್ಲ. ಅಲಸಂದೆಯನ್ನೋ ಹೆಸರುಕಾಳನ್ನೋ ಬೇಯಲಿಟ್ಟು, ಮುಕ್ಕಾಲು ಬೆಂದ ಮೇಲೆ ದಂಟು, ಹರಿವೆ, ಮೆಂತ್ಯ ಅಥವಾ ಸಿಕ್ಕಿದ ಬೆರಕೆ ಸೊಪ್ಪು ಹಾಕಿ, ಕಟ್ಟು ಬಸಿದುಕೊಳ್ಳುತ್ತಾರೆ. ಬಸಿದ ಕಟ್ಟಿಗೆ ಹುರಿದ ಬೆಳ್ಳುಳ್ಳಿ ಈರುಳ್ಳಿ ಮೆಣಸಿನ ಖಾರ ರುಬ್ಬಿ ಹಾಕಿ ಹುಣಸೆಹುಳಿ ಬಿಟ್ಟರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಏನೂ ಹೊರಗೆ ಹೋಗಲಿಲ್ಲ. ಜೊತೆಗೆ ಮುದ್ದೆ ಇದ್ದರೆ ಸುಣ್ಣದ ಅಂಶವೂ ಬಂತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕೊನೆಯಲ್ಲಿ ಒಂದು ಹೋಳು ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಹತ್ತುವುದಿಲ್ಲ. ಒಂದು ಗಂಟೆಯಾದರೂ ಬಿಡಿ. ಕಾಫಿ ಟೀ ಪೂರ್ತಿ ಬಿಡಬೇಕಾಗಿಲ್ಲ, ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟದಿದ್ದರೆ ಸಾಕು. ಮನೆಯ ಸಣ್ಣ ಲೋಟದಲ್ಲಿ ಎರಡು ಲೋಟಕ್ಕೆ ನಿಲ್ಲಿಸಿದರೆ ಅಳೆಯುವ ತಾಪತ್ರಯವೇ ಇಲ್ಲ.

ಇಬ್ಬರ ಊಟ ಮಾಡಬೇಕು ಎಂಬ ಒತ್ತಾಯ ಈ ತಿಂಗಳುಗಳಲ್ಲಿ ಬೇಡ. ಮೊದಲ ಮೂರು ತಿಂಗಳು ಹೆಚ್ಚುವರಿ ಊಟದ ಅಗತ್ಯ ಹೆಚ್ಚು ಕಡಿಮೆ ಇಲ್ಲ. ಅದು ಬೇಕಾಗುವುದು ಆಮೇಲೆ. ಆದರೆ ಏನು ತಿನ್ನಬಾರದು ಎಂಬ ಪಟ್ಟಿ ಮಾತ್ರ ಪ್ರತಿ ಮನೆಯಲ್ಲೂ ಉದ್ದವಿದೆ. ಪರಂಗಿ, ಎಳ್ಳು, ಬೆಲ್ಲ, ಹುರುಳಿ, ಮೊಟ್ಟೆ, ಎಲ್ಲವೂ ಉಷ್ಣ. ಇದರಲ್ಲಿ ಒಂದಕ್ಕೆ ಆಧಾರವಿದೆ: ಕಾಯಿ ಪರಂಗಿಯ ಹಾಲು. ಇಲಿಗಳ ಮೇಲಿನ ಪ್ರಯೋಗದಲ್ಲಿ ಆ ಹಾಲು ಗರ್ಭಕೋಶವನ್ನು ಹಿಂಡಿತು. ಚೆನ್ನಾಗಿ ಕಳಿತ ಹಣ್ಣಿನ ರಸದಿಂದ ಹಾಗೇನೂ ಆಗಲಿಲ್ಲ. ಆದ್ದರಿಂದ ಕಾಯಿಯನ್ನೂ ಅರೆಮಾಗಿದ್ದನ್ನೂ ಬಿಡಿ. ಆದರೆ ಎರಡು ಎಳ್ಳುಂಡೆ ತಿಂದಳೆಂದು, ಒಂದು ಹೋಳು ಪರಂಗಿ ಹಣ್ಣು ತಿಂದಳೆಂದು ಗರ್ಭ ಇಳಿಯುವುದಿಲ್ಲ. ಎಳ್ಳು, ಹುರುಳಿ, ಮೊಟ್ಟೆ ನಮ್ಮ ಬಡವರ ತಟ್ಟೆಯಲ್ಲಿ ಕೈಗೆಟುಕುವ ಪೌಷ್ಟಿಕ ಆಹಾರ. ದೇಶದ ಬಸುರಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹೀಗಿರುವಾಗ ತಟ್ಟೆಯಿಂದ ಒಂದೊಂದೇ ಎತ್ತಿಡುವುದು ಅನ್ಯಾಯ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದನ್ನು ಬರೀ ಬಯಕೆ ಎಂದು ನಗಬೇಡಿ. ಎಷ್ಟೋ ಸಲ ಅದು ಕಬ್ಬಿಣದ ಕೊರತೆಯ ಗುರುತು.

ಬಿಡಲೇಬೇಕಾದದ್ದು ಹೊಗೆಸೊಪ್ಪು. ಉತ್ತರ ಕರ್ನಾಟಕದಲ್ಲಿರಲಿ, ಬಯಲುಸೀಮೆಯಲ್ಲಿರಲಿ, ಎಲೆಯಡಿಕೆಯೊಳಗೆ ಕಡ್ಡಿಪುಡಿ ಹಾಕಿಕೊಳ್ಳುವ ಹೆಂಗಸರು ಇದನ್ನು ಚಟವೆಂದೇ ಎಣಿಸುವುದಿಲ್ಲ. ಮಗುವಿನ ತೂಕ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ಹುಟ್ಟುವುದು, ಹೊಟ್ಟೆಯಲ್ಲೇ ಸಾಯುವುದು ಇದರ ಜೊತೆ ಬರುವ ಕೇಡುಗಳು. ಗಂಡ ಮನೆಯೊಳಗೆ ಬೀಡಿ ಸೇದುವುದೂ ಅಷ್ಟೇ ಕೆಟ್ಟದ್ದು. ಮದ್ಯಕ್ಕೆ ಇಷ್ಟಾದರೆ ಪರವಾಗಿಲ್ಲ ಎಂಬ ಅಳತೆಯೇ ಇಲ್ಲ. ತೋಟಕ್ಕೆ, ಗದ್ದೆಗೆ ಔಷಧಿ ಹೊಡೆಯುವ ದಿನ ಬಸುರಿಯನ್ನು ಆ ಕೆಲಸಕ್ಕೆ ಹಚ್ಚಬೇಡಿ. ಔಷಧಿ ಕಲಸುವುದಕ್ಕೂ, ಆ ಬಟ್ಟೆ ಒಗೆಯುವುದಕ್ಕೂ ಬೇಡ.

ಆರನೆಯ ವಾರದ ಸುಮಾರಿಗೆ ವಾಕರಿಕೆ ಬರುತ್ತದೆ. ಒಂಬತ್ತು ಹತ್ತನೆಯ ವಾರದಲ್ಲಿ ಅದರ ಆರ್ಭಟ ಹೆಚ್ಚು, ಹದಿನಾಲ್ಕರಿಂದ ಹದಿನಾರನೆಯ ವಾರದೊಳಗೆ ಬಹುಪಾಲು ಹೆಂಗಸರಿಗೆ ಇಳಿಯುತ್ತದೆ. ಇದು ಮನಸ್ಸಿನ ಆಟ, ಸೋಮಾರಿತನದ ನೆವ ಎಂದು ಎಷ್ಟು ಸೊಸೆಯಂದಿರು ಬೈಸಿಕೊಂಡಿಲ್ಲ! 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಆ ಮಾತಿಗೆ ಪೂರ್ಣವಿರಾಮ ಹಾಕಿತು. ಜಿಡಿಎಫ್15 ಎಂಬ ಹಾರ್ಮೋನನ್ನು ಭ್ರೂಣ ಮತ್ತು ಮಾಸು ಹೆಚ್ಚಾಗಿ ಸುರಿಸುತ್ತವೆ. ಅದು ತಾಯಿಯ ಮೆದುಳಿನ ವಾಂತಿಯ ಕೇಂದ್ರವನ್ನು ಕೆಣಕುತ್ತದೆ. ಬಸುರಾಗುವ ಮೊದಲು ಮೈಯಲ್ಲಿ ಆ ಹಾರ್ಮೋನು ಕಡಿಮೆ ಇದ್ದವರಿಗೆ ಒಮ್ಮೆಲೇ ಏರಿದಾಗ ಬಾಧೆ ಹೆಚ್ಚು. ಮಾರ್ಲೇನಾ ಫೆಜೊ ಎಂಬ ಅಮೆರಿಕದ ವಿಜ್ಞಾನಿ ಇದರ ಬೆನ್ನು ಹತ್ತಿದ್ದು ತಾವೇ ಅಂಥ ವಿಪರೀತ ವಾಂತಿಯಿಂದ ನರಳಿ ಮಗುವನ್ನು ಕಳೆದುಕೊಂಡ ಮೇಲೆ. ಅವರ ವೈದ್ಯರೂ ಅವರ ಮಾತನ್ನು ನಂಬಿರಲಿಲ್ಲ.

ಮಾಡಬಹುದಾದದ್ದು ಇದೆ. ಹಾಸಿಗೆ ಬಿಟ್ಟೇಳುವ ಮೊದಲೇ ಒಂದು ರಸ್ಕೋ, ಒಂದು ಹಿಡಿ ಮಂಡಕ್ಕಿಯೋ ಬಾಯಿಗೆ ಹಾಕಿಕೊಂಡು ಹತ್ತು ನಿಮಿಷ ಒರಗಿರುವುದು. ಹೊಟ್ಟೆ ಪೂರ್ತಿ ಖಾಲಿ ಬಿಡದೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು. ಊಟದ ನಡುವೆ ನೀರು ಕುಡಿಯದೆ ಬಿಡುವಿನಲ್ಲಿ ಗುಟುಕರಿಸುವುದು. ಶುಂಠಿ ಕೆಲವರಿಗೆ ಒಗ್ಗುತ್ತದೆ. ಒಗ್ಗರಣೆಯ ಘಾಟು, ಅನ್ನ ಬಸಿಯುವ ವಾಸನೆ ತಡೆಯದವರೇ ಹೆಚ್ಚು. ಆ ಎರಡು ತಿಂಗಳು ಒಲೆ ಮುಂದೆ ಗಂಡ ನಿಲ್ಲಲಿ. ಇಷ್ಟಕ್ಕೂ ತಗ್ಗದಿದ್ದರೆ ವಿಟಮಿನ್ ಬಿ6 ಮತ್ತು ಡಾಕ್ಸಿಲಮೀನ್ ಸೇರಿದ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ, ಅದು ಮಗುವಿಗೆ ಸುರಕ್ಷಿತ ಎಂದು ದಶಕಗಳಿಂದ ಗೊತ್ತಿದೆ. ಕುಡಿದ ನೀರೂ ನಿಲ್ಲುತ್ತಿಲ್ಲ, ಇಡೀ ದಿನದಲ್ಲಿ ಒಂದೆರಡು ಸಲವಷ್ಟೇ ಗಾಢ ಹಳದಿ ಮೂತ್ರ, ತೂಕ ಇಳಿಯುತ್ತಿದೆ ಎಂದರೆ ಮನೆಮದ್ದು ನಿಲ್ಲಿಸಿ. ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕು.

ಔಷಧಿಯ ವಿಷಯದಲ್ಲಿ ಎರಡು ತಪ್ಪು ಎದುರುಬದುರು ನಿಂತಿವೆ. ಒಂದು, ಏನೂ ಕೇಳದೆ ಮಾತ್ರೆ ನುಂಗುವುದು. 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ನಿದ್ರೆಗೆ, ಬಸುರಿಯ ವಾಕರಿಕೆಗೆ ಒಳ್ಳೆಯದೆಂದು ಮಾರಾಟವಾಯಿತು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲಿಲ್ಲದೆ, ಅಂಗ ಊನವಾಗಿ ಹುಟ್ಟಿದ್ದರು. ಅದು ಕೆಡುಕು ಮಾಡುತ್ತಿದ್ದದ್ದು ನಾನು ಮೇಲೆ ಹೇಳಿದ ಆ ಕೆಲವೇ ವಾರಗಳಲ್ಲಿ. ಈಗ ಅದೇ ವಾರಗಳಲ್ಲಿ ಭಯ ಪಡಬೇಕಾದದ್ದು ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮೂರ್ಛೆಗೆ ಕೊಡುವ ವ್ಯಾಲ್‌ಪ್ರೊಯೇಟ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್. ಇವನ್ನು ತೆಗೆದುಕೊಳ್ಳುತ್ತಿರುವ ಹೆಣ್ಣುಮಗಳು ಮಗುವಿನ ಯೋಚನೆ ಮಾಡಿದ ದಿನವೇ ವೈದ್ಯರನ್ನು ಕಾಣಬೇಕು. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ಬೇಡ. ಬೇಕಾದಾಗ ಪ್ಯಾರಾಸಿಟಮಾಲ್ ಸಾಕು.

ಗಂಡು ಮಗುವಾಗಲೆಂದು ಕೊಡುವ ನಾಟಿ ಮದ್ದಿನ ಬಗ್ಗೆ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟಿದ ಗಳಿಗೆಯಲ್ಲೇ ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗಿರುತ್ತದೆ. ಎರಡನೆಯ ತಿಂಗಳಲ್ಲಿ ಹಸುವಿನ ಹಾಲಿನೊಂದಿಗೆ ಏನು ನುಂಗಿದರೂ ಅದು ಬದಲಾಗುವುದಿಲ್ಲ. ಬದಲಾಗುವುದು ಬೇರೆ: ಹರಿಯಾಣದಲ್ಲಿ ನಡೆದ ಅಧ್ಯಯನಗಳು ಇಂಥ ಮದ್ದಿಗೂ ಮಕ್ಕಳ ಹುಟ್ಟುದೋಷಕ್ಕೂ ನಂಟಿರುವುದನ್ನು ಕಂಡಿವೆ.

ಎರಡನೆಯ ತಪ್ಪು, ಬಸುರೆಂದು ಗೊತ್ತಾದ ಕೂಡಲೇ ನಡೆಯುತ್ತಿದ್ದ ಮಾತ್ರೆಗಳನ್ನೆಲ್ಲ ತಾವಾಗಿಯೇ ನಿಲ್ಲಿಸುವುದು. ಥೈರಾಯ್ಡ್ ಮಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಮೂರು ತಿಂಗಳು ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನು ನಂಬಿ. ಹೀಗಾಗಿ ಬಸುರಾದಾಗ ಆ ಮಾತ್ರೆಯನ್ನು ಬಿಡುವುದಿರಲಿ, ಸಾಮಾನ್ಯವಾಗಿ ಕಾಲು ಪಾಲಿನಷ್ಟು ಹೆಚ್ಚಿಸಬೇಕಾಗುತ್ತದೆ. ಮೂರ್ಛೆಯ ಮಾತ್ರೆ ಥಟ್ಟನೆ ನಿಲ್ಲಿಸಿ ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ. ಬದಲಿಸಬೇಕಾದರೂ ವೈದ್ಯರೇ ಬದಲಿಸಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕಾದದ್ದೂ ಗರ್ಭ ಕಟ್ಟುವ ಮೊದಲೇ, ಏಕೆಂದರೆ ಹೃದಯ ರೂಪುಗೊಳ್ಳುವಾಗ ರಕ್ತದಲ್ಲಿ ಸಕ್ಕರೆ ಏರಿದ್ದರೆ ಅದರ ರಚನೆಯೇ ತಪ್ಪಬಹುದು. ಜ್ವರವನ್ನೂ ಹಾಗೇ ಬಿಡಬೇಡಿ. ನರಕೊಳವೆ ಮುಚ್ಚುವ ದಿನಗಳಲ್ಲಿ ಮೈ ಸುಡುವ ಜ್ವರವೂ ಒಂದು ಅಪಾಯ. ಮಳೆಗಾಲದಲ್ಲಿ ಡೆಂಗಿ, ಕರಾವಳಿಯಲ್ಲಿ ಮಲೇರಿಯಾ ಇದ್ದೇ ಇರುತ್ತವಲ್ಲ.

ಮೊದಲ ಭೇಟಿಯಲ್ಲಿ ರಕ್ತದ ಗುಂಪು, ಹಿಮೊಗ್ಲೋಬಿನ್, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಮೂತ್ರ ನೋಡುತ್ತಾರೆ. ರಕ್ತದೊತ್ತಡ ಮತ್ತು ತೂಕ ಬರೆದುಕೊಳ್ಳುತ್ತಾರೆ. ಈ ಮೊದಲ ಅಳತೆಗಳಿಗೆ ಬೆಲೆ ಇದೆ. ಏಳನೆಯ ತಿಂಗಳಲ್ಲಿ ಬಿಪಿ ಏರಿದಾಗ, ಮೊದಲು ಎಷ್ಟಿತ್ತು ಎಂದು ನೋಡಲು ನೋಂದಣಿಯಲ್ಲಿ ಕೊಡುವ ತಾಯಿ ಕಾರ್ಡಿನ ಮೊದಲ ಸಾಲು ಬೇಕು. ಅಲ್ಲಿ ಖಾಲಿ ಇದ್ದರೆ ವೈದ್ಯರೂ ಊಹೆ ಮಾಡಬೇಕಾಗುತ್ತದೆ. ಅದೇ ನೋಂದಣಿಯಿಂದ ಅಂಗನವಾಡಿಯ ಪೌಷ್ಟಿಕ ಆಹಾರವೂ, ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿಯೂ ಸಿಗುವ ದಾರಿ ತೆರೆಯುತ್ತದೆ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ವೈದ್ಯರ ತಪಾಸಣೆ ಇರುತ್ತದೆ. ಅದು ಮೊದಲ ಮೂರು ತಿಂಗಳು ದಾಟಿದವರಿಗೆಂದು ಏರ್ಪಾಡಾದದ್ದು. ಮೊದಲ ಭೇಟಿಗೆ ಆ ದಿನ ಕಾಯದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ.

ಆರು ಏಳನೆಯ ವಾರದ ಸ್ಕ್ಯಾನಿನ ಮುಖ್ಯ ಕೆಲಸ ಗರ್ಭ ಎಲ್ಲಿದೆ ಎಂದು ನೋಡುವುದು. ನೂರರಲ್ಲಿ ಒಬ್ಬರಿಬ್ಬರಲ್ಲಿ ಅದು ಗರ್ಭಕೋಶದ ಹೊರಗೆ, ಹೆಚ್ಚಾಗಿ ನಾಳದಲ್ಲಿ ಕಟ್ಟಿರುತ್ತದೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿದು ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಮುಟ್ಟು ತಪ್ಪಿದಾಕೆಗೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಚುಚ್ಚುವ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲಿಡುವುದು, ಸ್ವಲ್ಪವೇ ಆದರೂ ರಕ್ತ ಕಾಣುವುದು ಇದ್ದರೆ ಅದು ವಾಯು, ಅಜೀರ್ಣ ಎಂದು ಜೀರಿಗೆ ಕಷಾಯ ಕುಡಿಸಿ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ಮಗು ಸದ್ಯಕ್ಕೆ ಬೇಡ ಎನ್ನುವವರೂ ಸ್ಕ್ಯಾನ್ ಇಲ್ಲದೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಇದೇ ಕಾರಣಕ್ಕೆ ಅಪಾಯ. ನಾಳದಲ್ಲಿರುವ ಗರ್ಭಕ್ಕೆ ಆ ಮಾತ್ರೆ ಏನೂ ಮಾಡುವುದಿಲ್ಲ, ನಂತರದ ನೋವನ್ನು ಮಾತ್ರೆಯದೇ ನೋವೆಂದು ನಂಬಿಸುತ್ತದೆ.

ಇನ್ನು, ಎಲ್ಲವನ್ನೂ ಸರಿಯಾಗಿ ಮಾಡಿದರೂ ಗರ್ಭ ಇಳಿದುಹೋಗಬಹುದು. ಗೊತ್ತಾದ ಬಸುರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ಕೊನೆಯಾಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳೊಳಗೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೊಸೋಮುಗಳಲ್ಲಾದ ಏರುಪೇರು. ಮೆಟ್ಟಿಲು ಹತ್ತಿದ್ದು, ಸ್ಕೂಟರಿನಲ್ಲಿ ಕೂತದ್ದು, ಬಿಂದಿಗೆ ಎತ್ತಿದ್ದು ಅಲ್ಲ. ಹಾಸಿಗೆಯಲ್ಲಿ ಮಲಗಿದ್ದರೆ ಉಳಿಯುತ್ತಿತ್ತು ಎಂಬುದಕ್ಕೆ ಪುರಾವೆ ಇಲ್ಲ. ಗರ್ಭ ನಿಲ್ಲಲೆಂದು ಎಲ್ಲರಿಗೂ ಪ್ರೊಜೆಸ್ಟರಾನ್ ಇಂಜೆಕ್ಷನ್, ಮಾತ್ರೆ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಮೊದಲ ತಿಂಗಳುಗಳಲ್ಲಿ ರಕ್ತ ಕಾಣಿಸಿಕೊಂಡ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಅದರಿಂದ ಗಮನಾರ್ಹ ಲಾಭ ಕಾಣಲಿಲ್ಲ. ರಕ್ತ ಕಾಣಿಸಿಕೊಂಡು, ಹಿಂದೆ ಹಲವು ಸಲ ಗರ್ಭ ಇಳಿದವರಿಗೆ ಸ್ವಲ್ಪ ನೆರವಾದಂತೆ ತೋರಿತು. ನಿಮಗೆ ಬರೆದಿದ್ದರೆ ಯಾಕೆ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಮುಚ್ಚಿಡುವ ಪದ್ಧತಿ ಅತ್ಯಂತ ಕ್ರೂರವಾಗುವುದು ಇಲ್ಲಿಯೇ. ಬಸುರಾದದ್ದೇ ಯಾರಿಗೂ ಗೊತ್ತಿಲ್ಲದ ಮೇಲೆ ಕಳೆದುಕೊಂಡದ್ದನ್ನು ಹೇಳುವುದು ಯಾರ ಹತ್ತಿರ? ಎಷ್ಟೋ ಹೆಂಗಸರು ಮಾರನೆಯ ದಿನವೇ ಗಾರ್ಮೆಂಟ್ ಫ್ಯಾಕ್ಟರಿಯ ಪಂಚಿಂಗ್ ಯಂತ್ರದ ಮುಂದೆ, ಕಾಫಿ ತೋಟದ ಸಾಲಿನಲ್ಲಿ, ಕಂಪನಿಯ ಮೀಟಿಂಗಿನಲ್ಲಿ ಇರುತ್ತಾರೆ. ಗರ್ಭಪಾತವಾದವರಿಗೆ ಕಾನೂನಿನ ಪ್ರಕಾರ ಆರು ವಾರಗಳ ಸಂಬಳಸಹಿತ ರಜೆ ಇದೆ ಎಂಬುದು ಬಹಳ ಮಂದಿಗೆ ಗೊತ್ತೇ ಇಲ್ಲ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಗ ಆ್ಯಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ವೈದ್ಯರು ನೋಡಬೇಕು, ಮುಂದಿನ ಮಗುವಿಗೋಸ್ಕರ.

ಹೊಸದಾಗಿ ಮದುವೆಯಾದ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದು, ಮಗುವಿನ ಮಾತು ಬಂದಿದ್ದರೆ, ಈ ವಾರವೇ ಒಂದು ಪಟ್ಟಿ ಫೋಲಿಕ್ ಆ್ಯಸಿಡ್ ತರಿಸಿ ಆಕೆಯ ಕೈಗೆ ಕೊಡಿ. ಮುಟ್ಟು ಒಂದು ವಾರ ತಪ್ಪಿದರೆ ಆಶಾ ಅವರನ್ನು ಕರೆಯಿರಿ. ಊರಿಗೆ ಯಾವಾಗ ಹೇಳಬೇಕೆಂಬುದನ್ನು ಆಕೆ ಮತ್ತು ಗಂಡ ನಿರ್ಧರಿಸಲಿ. ತಾಯಿ ಕಾರ್ಡ್ ಮಾಡಿಸಲು ಮೂರು ತಿಂಗಳು ತುಂಬಬೇಕಾಗಿಲ್ಲ.